ರಾಯಚೂರಿನ ಯರೇಗೌಡ: ಆಡಿದ್ದು ಒಂದು ಅಚ್ಚರಿ, ಆಡಿಸಿದ್ದು ಇನ್ನೊಂದು!

2019. ಒಂದೇ ವರ್ಷ, ಕರ್ನಾಟಕಕ್ಕೆ ಮೂರು ರಾಷ್ಟ್ರೀಯ ಕ್ರಿಕೆಟ್ ಟ್ರೋಫಿ! ಮಾರ್ಚ್‌ನಲ್ಲಿ ಇಂದೋರ್‌ನಲ್ಲಿ ಸೈಯದ್ ಮುಷ್ತಾಕ್ ಅಲಿ ಟಿ20, ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ವಿಜಯ್ ಹಜಾರೆ ಏಕದಿನ, ಡಿಸೆಂಬರ್ 1ರಂದು ಸೂರತ್‌ನಲ್ಲಿ ಮತ್ತೆ ಮುಷ್ತಾಕ್ ಅಲಿ. ಆ ಸೂರತ್ ಫೈನಲ್ ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ತಮಿಳುನಾಡಿಗೆ ಕೊನೆಯ ಓವರ್‌ನಲ್ಲಿ ಬೇಕಿದ್ದದ್ದು 13 ರನ್. ಕೃಷ್ಣಪ್ಪ ಗೌತಮ್ ಹಾಕಿದ ಮೊದಲೆರಡು ಎಸೆತಗಳನ್ನೂ ಆರ್. ಅಶ್ವಿನ್ ಬೌಂಡರಿಗೆ ಅಟ್ಟಿಬಿಟ್ಟರು. ಉಳಿದದ್ದು ನಾಲ್ಕು ಎಸೆತ, ಐದೇ ರನ್! ಮುಗಿಯಿತು ಎಂದುಕೊಂಡವರೇ ಎಲ್ಲ. ಆದರೆ ಕರ್ನಾಟಕ ಒಂದು ರನ್‌ನಿಂದ ಗೆದ್ದಿತು!

ಈ ಮೂರೂ ಗೆಲುವಿನ ಹೊತ್ತಿಗೆ ತಂಡದ ಕೋಚ್ ಯಾರು ಗೊತ್ತೇ? ಯರೇಗೌಡ. ಹುಟ್ಟಿದ್ದು 1971ರಲ್ಲಿ, ನಮ್ಮ ರಾಯಚೂರಿನಲ್ಲಿ!

ಇನ್ನೊಂದು ಸೋಜಿಗ ಕೇಳಿ. 1871ರಲ್ಲಿ ಮುಂಬಯಿ ಕಡೆಯ ರೈಲು ಹಳಿಯೂ ಮದ್ರಾಸ್ ಕಡೆಯ ಹಳಿಯೂ ಬಂದು ಕೂಡಿದ್ದು ಇದೇ ರಾಯಚೂರಿನಲ್ಲಿ. ಅದೇ ಊರಿನ ಮಗ ಕರ್ನಾಟಕ ಬಿಟ್ಟು ಹೋಗಿ ಆಡಿದ್ದು ಯಾವ ತಂಡಕ್ಕೆ? ರೈಲ್ವೇಸ್‌ಗೆ! ದೊಡ್ಡ ಹೆಸರುಗಳಿಲ್ಲದ ಆ ತಂಡ 2001-02ರಲ್ಲಿ ಮೊದಲ ಬಾರಿ, 2004-05ರಲ್ಲಿ ಮತ್ತೊಮ್ಮೆ ರಣಜಿ ಗೆದ್ದಾಗ ಮಧ್ಯಮ ಕ್ರಮಾಂಕದಲ್ಲಿ ಬೇರುಬಿಟ್ಟು ನಿಂತಿದ್ದವರು ಯರೇಗೌಡ. ಮುಂದೆ ತವರಿಗೆ ಮರಳಿ ಕರ್ನಾಟಕದ ನಾಯಕರೂ ಆದರು. ಪ್ರಥಮ ದರ್ಜೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರನ್! ಭಾರತ ತಂಡದ ಕರೆ ಮಾತ್ರ ಬರಲೇ ಇಲ್ಲ. ಇದು ನನಗೆ ಇಂದಿಗೂ ಅರಗದ ಸಂಗತಿ.

ತಾರೆಯಾಗದವರು ಗುರುಗಳಾದಾಗ ಇಷ್ಟು ಮಿಂಚುವುದು ಹೇಗೆ? ಅಮೆರಿಕದ ಬೇಸ್‌ಬಾಲ್ ಕಡೆ ಒಮ್ಮೆ ನೋಡಿ. ಅಲ್ಲಿ ಬ್ಯಾಟ್ ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂರುವ ಕ್ಯಾಚರ್, ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ. ತನ್ನ ತಂಡದಲ್ಲಿ ಇಡೀ ಮೈದಾನಕ್ಕೆ ಮುಖ ಮಾಡಿರುವವನು ಅವನೊಬ್ಬನೇ. ಯಾವ ಎಸೆತ ಹಾಕಬೇಕೆಂದು ಸನ್ನೆ ಮಾಡುವವನೂ ಅವನೇ. ಬ್ರೂಸ್ ಬೋಚಿ ಅಂಥ ಒಬ್ಬ ಕ್ಯಾಚರ್. ಒಂಬತ್ತು ಸೀಸನ್‌ನಲ್ಲಿ ಆಡಿದ್ದು ಬರೀ 358 ಪಂದ್ಯ, ಹೆಚ್ಚಿನ ಕಾಲ ಬದಲಿ ಆಟಗಾರ. ಮ್ಯಾನೇಜರ್, ಅಂದರೆ ಅಲ್ಲಿನ ಮುಖ್ಯ ಕೋಚ್, ಆದ ಮೇಲೆ? 2010, 2012, 2014, 2023: ನಾಲ್ಕು ವರ್ಲ್ಡ್ ಸೀರೀಸ್ ಕಿರೀಟ!

ಯರೇಗೌಡರು ಕೀಪರ್ ಅಲ್ಲ ನಿಜ. ಆದರೆ ಮಧ್ಯಮ ಕ್ರಮಾಂಕದವನ ಪಾಡೂ ಅಂಥದ್ದೇ. ಪ್ಯಾಡ್ ಕಟ್ಟಿಕೊಂಡು ಗಂಟೆಗಟ್ಟಲೆ ಆಟ ನೋಡಬೇಕು, ವಿಕೆಟ್ ಉದುರಿದಾಗ ಹೋಗಿ ನಿಲ್ಲಬೇಕು, ಬಾಲಂಗೋಚಿಗಳನ್ನು ಜೊತೆಗಿಟ್ಟುಕೊಂಡು ರನ್ ಕೂಡಿಸಬೇಕು. ಇನ್ನೊಬ್ಬನಿಂದ ಆಟ ತೆಗೆಸುವುದನ್ನು ಅವನು ಆಡುತ್ತಲೇ ಕಲಿತಿರುತ್ತಾನೆ. 2018ರಲ್ಲಿ ಕರ್ನಾಟಕ ತಂಡ ಅವರ ಕೈಗೆ ಬಂದಾಗ ಆ ಕಲಿಕೆಯೆಲ್ಲ ಜೊತೆಗೇ ಬಂತು ಎಂದು ನಾನು ನಂಬುತ್ತೇನೆ.

ನಮ್ಮ ಜಿಲ್ಲೆಯಲ್ಲಿ, ತುಂಗಭದ್ರಾ ಕಾಲುವೆಯ ನೀರುಣ್ಣುವ ಮಾನ್ವಿಯಲ್ಲಿ, ಕೃಷ್ಣೆಯ ಮಗ್ಗುಲಿನ ದೇವದುರ್ಗದಲ್ಲಿ ಬ್ಯಾಟ್ ಹಿಡಿದ ಹುಡುಗರಿಗೆ ಯರೇಗೌಡರ ಹೆಸರು ಗೊತ್ತಿರಲೇಬೇಕು. ರಾಜ್ಯ ಕ್ರಿಕೆಟ್ ಸಂಸ್ಥೆಯಲ್ಲಿ ರಾಯಚೂರು ಹೆಸರಿನದೇ ವಲಯವಿದೆ. ಅದರ ಆಯ್ಕೆಯ ದಿನ ಗೊತ್ತಾದರೆ ಪಾಲಕರೇ, ಶಿಕ್ಷಕರೇ, ದಯವಿಟ್ಟು ಆ ಹುಡುಗರನ್ನು ಬಸ್ ಹತ್ತಿಸಿ.