ಹ್ಯಾಲೈಡ್ ಲೈಟು ಹೊತ್ತುವಾಗ ಎಷ್ಟು ಕರೆಂಟು ಎಳೆಯುತ್ತದೆ?



ಶಾಮಿಯಾನ, ಪಾತ್ರೆ, ಲೈಟು ಬಾಡಿಗೆಗೆ ಕೊಡುವ ನಮ್ಮ ಒಂದು ಸಂಘ ಸಾಲ ತೆಗೆದು ಐದು ಹಳೆಯ ಮೆಟಲ್ ಹ್ಯಾಲೈಡ್ ಫೋಕಸ್ ಲೈಟುಗಳನ್ನು ಕೊಂಡಿತು. ಒಂದೊಂದೂ 400 ವಾಟಿನದು. "ಒಟ್ಟು 2000 ವಾಟ್ ಅಷ್ಟೇ ಅಲ್ವಾ ಸಿಸ್ಟರ್, 3 ಕೆವಿಎ ಜನರೇಟರ್ ಸಾಕು" ಅಂದರು. ನಾವೂ ತಲೆಯಾಡಿಸಿದೆವು. ಮೊದಲ ಮದುವೆಯಲ್ಲೇ ಐದೂ ಸ್ವಿಚ್ ಹಾಕಿದ ಕೂಡಲೇ ಜನರೇಟರ್ ಟ್ರಿಪ್ ಆಯಿತು. ಬಾಡಿಗೆ ಕೈತಪ್ಪಿತು, ಆ ತಿಂಗಳ ಕಂತೂ ಕಟ್ಟಲಾಗಲಿಲ್ಲ.

ಲೆಕ್ಕ ತಪ್ಪಿದ್ದು ಎಲ್ಲಿ? ಈ ಬಲ್ಬಿನೊಳಗೆ ತಂತಿ ಇರುವುದಿಲ್ಲ. ಒಂದು ಪುಟ್ಟ ಕೊಳವೆಯಲ್ಲಿ ಆರ್ಗಾನ್ ಅನಿಲ, ಸ್ವಲ್ಪ ಪಾದರಸ ಮತ್ತು ಲೋಹದ ಲವಣಗಳು ಇರುತ್ತವೆ. ಇಗ್ನೈಟರ್ ಎಂಬ ಭಾಗ ಕೆಲವು ಸಾವಿರ ವೋಲ್ಟಿನ ಹೊಡೆತ ಕೊಟ್ಟು ಕಿಡಿ ಹಚ್ಚುತ್ತದೆ. ಕೊಳವೆ ತಣ್ಣಗಿರುವಾಗ ಕರೆಂಟಿಗೆ ತಡೆಯೇ ಇಲ್ಲ. ಹಿಡಿದಿಡುವುದು ಚೋಕ್ ಒಂದೇ. ಆದ್ದರಿಂದ ಮೊದಲ ಕೆಲವು ನಿಮಿಷ ಬಲ್ಬು ಸುಮಾರು ಒಂದೂವರೆ ಪಟ್ಟು ಕರೆಂಟು ಎಳೆಯುತ್ತದೆ. ಬಿಸಿಯೇರಿ ಪಾದರಸ, ಲವಣ ಆವಿಯಾದಂತೆ ಬಲ್ಬಿನ ವೋಲ್ಟೇಜ್ ಏರಿ ಕರೆಂಟು ಇಳಿಯುತ್ತದೆ. ವಿಚಿತ್ರ ನೋಡಿ, ಬೆಳಕು ಮಂಕಾಗಿರುವಾಗಲೇ ಎಳೆತ ಜಾಸ್ತಿ!

ಚೋಕ್ ಇರುವ 400 ವಾಟ್ ಲೈಟಿನಲ್ಲಿ ಇದು ಶುರುವಿಗೆ ಸುಮಾರು 5 ಆಂಪಿಯರ್, ನಂತರ 3.4ರ ಆಸುಪಾಸು. ಕೆಲವು ಬೇರೆ ಬಗೆಯ ಬ್ಯಾಲಸ್ಟ್‌ಗಳಲ್ಲಿ ಶುರುವಿನ ಕರೆಂಟೇ ಕಡಿಮೆ. ಹಾಗಾಗಿ ಪೆಟ್ಟಿಗೆಯ ಮೇಲಿನ ಚೀಟಿ ಓದಿಸಿಯೇ ಕೊಳ್ಳಿ.

ಆದರೆ 400 ವಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 1.74 ಆಂಪಿಯರ್ ತಾನೇ ಬರುವುದು? ಹೌದು. ಉಳಿದದ್ದು ಚೋಕ್‌ನಿಂದಾಗಿ ಸುಮ್ಮನೆ ಹೋಗಿ ಬರುವ ಕರೆಂಟು. ವಾಟಿನ ಲೆಕ್ಕಕ್ಕೆ ಅದು ಸಿಗದು, ಜನರೇಟರಿಗೆ ಮಾತ್ರ ಹೊರೆಯೇ. ಅದನ್ನು ಸರಿದೂಗಿಸಲು ಕಂಡೆನ್ಸರ್ ಇರುತ್ತದೆ. ನಮ್ಮವರ ಐದು ಲೈಟಿನಲ್ಲೂ ಅದು ಸತ್ತುಹೋಗಿತ್ತು! ಶುರುವಿನಲ್ಲಿ ಐದೂ ಸೇರಿ 25 ಆಂಪಿಯರ್, ಅಂದರೆ 5.7 ಕೆವಿಎ. ಬಿಸಿಯಾದ ಮೇಲೂ 3.9. ಮೂರರ ಜನರೇಟರ್ ಪಾಪ ಏನು ಮಾಡೀತು?

ಎಲೆಕ್ಟ್ರೀಷಿಯನ್ ಹೊಸ ಕಂಡೆನ್ಸರ್ ಹಾಕಿದ ಮೇಲೆ ಒಂದೊಂದು ಲೈಟು ಎಳೆಯುವುದು 2.2ರಷ್ಟು, ಐದಕ್ಕೂ 2.5 ಕೆವಿಎ. ಈಗ ಒಂದು ಲೈಟು ಹಾಕಿ ನಾಲ್ಕೈದು ನಿಮಿಷ ಬಿಟ್ಟು ಇನ್ನೊಂದು ಹಾಕುತ್ತಾರೆ. ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮೊದಲೇ ಶುರು. ಮಧ್ಯೆ ಕರೆಂಟು ಹೋದರೆ ಗಾಬರಿಯಾಗಿ ಸ್ವಿಚ್ ಒತ್ತಬೇಡಿ, ಬಲ್ಬು ಆರಿ ಮತ್ತೆ ಹೊತ್ತಲು 10-15 ನಿಮಿಷ ಬೇಕು. ಅಷ್ಟು ಹೊತ್ತಿಗೆ ಒಂದು ಎಲ್‌ಇಡಿ ಲೈಟು ಜೊತೆಗಿರಲಿ.

ಹೊರಗಿನ ಗಾಜು ಒಡೆದ ಬಲ್ಬನ್ನು ಮಾತ್ರ ಉರಿಸಲೇಬೇಡಿ. ಅದರ ಕಿರಣ ಕಣ್ಣು, ಚರ್ಮ ಸುಡುತ್ತದೆ. ಒಳಗಿನ ಪಾದರಸವೂ ವಿಷ. ಹೊಸದಾಗಿ ಕೊಳ್ಳುವ ಸಂಘದವರು ಎಲ್‌ಇಡಿಯನ್ನೇ ವಿಚಾರಿಸಿ. ಬೆಲೆ ನೋಡಿ, ವಾರಂಟಿ ಕೇಳಿ, ರಸೀದಿ ಪಡೆಯಿರಿ.