ನರ್ಸಿಂಗ್ ಮೊದಲ ವರ್ಷ: ತಯಾರಿ ಮನೆಯಿಂದಲೇ ಆಗಲಿ



ಪಿಯುಸಿ ಫಲಿತಾಂಶ ಬಂದ ಸಮಯದಲ್ಲಿ ನಮ್ಮ ಸಂಘಗಳ ವಾರದ ಸಭೆಯಲ್ಲಿ ಈ ಮಾತು ಬಂದೇ ಬರುತ್ತದೆ: "ಮಗಳನ್ನು ನರ್ಸಿಂಗಿಗೆ ಸೇರಿಸುವ ಅಂತ ಉಂಟು, ಸಂಘದಿಂದ ಎಷ್ಟು ಸಾಲ ಸಿಗ್ಬಹುದು?" ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಿಗೆ ನರ್ಸಿಂಗ್ ಹೊಸ ವಿಷಯವಲ್ಲ. 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಅವರು ಕಂಕನಾಡಿಯಲ್ಲಿ ಬಡವರಿಗೆ ಔಷಧ ಕೊಡಲು ತೊಡಗಿದರು. ಅದೇ ಮುಂದೆ ದೊಡ್ಡ ಆಸ್ಪತ್ರೆಯಾಯಿತು, ನರ್ಸಿಂಗ್ ಕಾಲೇಜೂ ಬಂತು. ಇಂದು ನಮ್ಮ ತುಂಬೆಯಲ್ಲೂ ಅದರ ಆಸ್ಪತ್ರೆ ಉಂಟು. ಮೂಡುಬಿದಿರೆಯಲ್ಲಿ ಆಳ್ವಾಸ್ ನರ್ಸಿಂಗ್ ಕಾಲೇಜು ಇದೆ. ಬೀಡಿ ಕಟ್ಟಿ, ಡಿಪೋಗೆ ಹಾಲು ಹಾಕಿ ಮಕ್ಕಳನ್ನು ಓದಿಸಿದ ಎಷ್ಟೋ ತಾಯಂದಿರ ಮಕ್ಕಳು ಇಂದು ಊರಿನಲ್ಲೂ ವಿದೇಶದಲ್ಲೂ ನರ್ಸ್ ಆಗಿ ದುಡಿಯುತ್ತಿದ್ದಾರೆ.

ಆದರೆ ಒಂದು ವಿಷಯ ನೆನಪಿಡಬೇಕು. ಸೀಟು ಸಿಕ್ಕಿದ ಕೂಡಲೇ ಎಲ್ಲ ಆಯಿತೆಂದು ನಾವು ತಿಳಿಯುತ್ತೇವೆ. ನಿಜವಾದ ಕಷ್ಟ ಇರುವುದು ಮೊದಲ ವರ್ಷದಲ್ಲಿ. ಇಂಗ್ಲಿಷ್ ಪಾಠ ಅರ್ಥವಾಗದೆ, ಮನೆಯ ನೆನಪು ತಡೆಯದೆ ಮಗಳು ಅರ್ಧದಲ್ಲಿ ಬಿಟ್ಟು ಬಂದರೆ ಕಟ್ಟಿದ ಫೀಸು ವಾಪಸ್ ಸಿಗುವುದು ಕಷ್ಟ. ಸಾಲ ಮಾತ್ರ ಹಾಗೇ ಉಳಿಯುತ್ತದೆ. "ಅವಳಿಂದ ಆಗ್ಲಿಲ್ಲ" ಎಂಬ ಮಾತನ್ನೂ ಆ ಹುಡುಗಿಯೇ ಹೊರಬೇಕು. ಹಾಗಾಗಿ ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ವರೆಗಿನ ತಿಂಗಳುಗಳಲ್ಲಿ ಎಂತೆಂತ ತಯಾರಿ ಮಾಡಬಹುದು ಎಂದು ತಿಳಿದುಕೊಳ್ಳೋಣ.

ಯಾವ ಕೋರ್ಸು?

ಬಿ.ಎಸ್ಸಿ. ನರ್ಸಿಂಗ್ 4 ವರ್ಷದ ಪದವಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. ವಿಜ್ಞಾನ ವಿಷಯಗಳಲ್ಲಿ ಒಟ್ಟು ಶೇಕಡಾ 45 ಅಂಕ ಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡಾ 40 ಸಾಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಸರಕಾರಿ ಕೋಟಾದ ಸೀಟುಗಳನ್ನು ಈಗ ಸಿಇಟಿ ಮೂಲಕ ಹಂಚುತ್ತಾರೆ. ಸಿಇಟಿ ಅರ್ಜಿಯನ್ನು ಮಗಳು ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಹಾಕಬೇಕು. ಫಲಿತಾಂಶ ಬಂದ ಮೇಲೆ ಹೊರಟರೆ ತಡವಾಗುತ್ತದೆ.

ಜಿ.ಎನ್.ಎಂ. 3 ವರ್ಷದ ಡಿಪ್ಲೊಮಾ. ಇದಕ್ಕೆ ಕಲೆ, ವಾಣಿಜ್ಯ ಓದಿದವರೂ ಸೇರಬಹುದು. ಪಿಯುಸಿಯಲ್ಲಿ ಶೇಕಡಾ 40 ಅಂಕ ಬೇಕು. ಇದನ್ನು ಮುಗಿಸಿ ನೋಂದಣಿ ಮಾಡಿಸಿಕೊಂಡವರು ಮುಂದೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ ಪದವಿ ಪಡೆಯಲಿಕ್ಕೆ ಆಗುತ್ತದೆ. ಎ.ಎನ್.ಎಂ. 2 ವರ್ಷದ್ದು, ಹಳ್ಳಿಯ ಆರೋಗ್ಯ ಸೇವೆಗೆ ಸಂಬಂಧಪಟ್ಟದ್ದು. ಬಿ.ಎಸ್ಸಿ. ಮತ್ತು ಜಿ.ಎನ್.ಎಂ. ಗಂಡು ಮಕ್ಕಳಿಗೂ ಉಂಟು.

ದುಡ್ಡು ಕಟ್ಟುವ ಮೊದಲು ಕೇಳಿ

"ನಾನು ಸೀಟು ಮಾಡಿಸಿ ಕೊಡ್ತೇನೆ, ಅಡ್ವಾನ್ಸ್ ಕೊಡಿ" ಎಂದು ಹೇಳಿಕೊಂಡು ಬರುವ ಏಜೆಂಟರು ಇದ್ದಾರೆ. ಅವರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅಪ್ಪ-ಅಮ್ಮ ಇಬ್ಬರೂ ಮಗಳ ಜೊತೆ ಕಾಲೇಜಿಗೇ ಹೋಗಿ ನೋಡಿ. ಈ ಪ್ರಶ್ನೆಗಳನ್ನು ಕೇಳಿ:

1. ಕಾಲೇಜಿಗೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಉಂಟೇ? ಬಿ.ಎಸ್ಸಿ. ಆದರೆ ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು? ನಮ್ಮ ರಾಜ್ಯದ ಹೆಚ್ಚಿನ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ.

2. ಭಾರತೀಯ ನರ್ಸಿಂಗ್ ಕೌನ್ಸಿಲಿನ ಪಟ್ಟಿಯಲ್ಲಿ ಈ ಕಾಲೇಜಿನ ಹೆಸರು ಈ ವರ್ಷ ಉಂಟೇ? ಬೇರೆ ರಾಜ್ಯದಲ್ಲಿ ಅಥವಾ ವಿದೇಶದಲ್ಲಿ ಕೆಲಸ ಮಾಡುವ ಯೋಚನೆ ಇದ್ದರೆ ಇದನ್ನು ನೋಡಲೇಬೇಕು.

3. ಮಕ್ಕಳು ಪ್ರಾಕ್ಟಿಕಲ್ ಕಲಿಯುವುದು ಯಾವ ಆಸ್ಪತ್ರೆಯಲ್ಲಿ? ಅಲ್ಲಿ ಎಷ್ಟು ಹಾಸಿಗೆ ಉಂಟು? ರೋಗಿಗಳೇ ಇಲ್ಲದ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯಲಿಕ್ಕೆ ಆಗುವುದಿಲ್ಲ.

4. ವರ್ಷದ ಫೀಸಿನಲ್ಲಿ ಎಂತೆಂತ ಸೇರಿದೆ? ಹಾಸ್ಟೆಲ್, ಊಟ, ಸಮವಸ್ತ್ರ, ಪುಸ್ತಕ, ಪರೀಕ್ಷಾ ಶುಲ್ಕ ಬೇರೆಯೇ? ಎಲ್ಲವನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಪ್ರತಿ ಪಾವತಿಗೂ ರಸೀದಿ ಇರಲಿ.

ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರ ಕೊಡುವ ಮೊದಲು ನಾಲ್ಕೈದು ಜೆರಾಕ್ಸ್ ಮಾಡಿಸಿ ಮನೆಯಲ್ಲಿ ಇಡಿ. ಮೂಲ ಪತ್ರ ತೆಗೆದುಕೊಂಡದ್ದಕ್ಕೆ ಕಾಲೇಜಿನಿಂದ ಬರವಣಿಗೆ ಕೇಳಿ. ಬಾಂಡ್ ಪೇಪರಿಗೆ ಸಹಿ ಹಾಕಲು ಹೇಳಿದರೆ ಓದದೆ, ಓದಿಸಿ ಕೇಳದೆ ಸಹಿ ಹಾಕಬೇಡಿ.

ಸಂಘದ ಸಾಲ ಎಷ್ಟಕ್ಕೆ?

ಸಂಘದ ಸಾಲದ ಕಂತು ಸಾಲ ತೆಗೆದ ಕೂಡಲೇ ಶುರುವಾಗುತ್ತದೆ. ಉದಾಹರಣೆಗೆ, ನೂರಕ್ಕೆ ತಿಂಗಳಿಗೆ 1 ರೂಪಾಯಿ ಬಡ್ಡಿಯಂತೆ 50,000 ರೂಪಾಯಿ ತೆಗೆದರೆ ಮೊದಲ ತಿಂಗಳ ಬಡ್ಡಿಯೇ 500 ರೂಪಾಯಿ. ಅದನ್ನು 20 ಕಂತುಗಳಲ್ಲಿ ತೀರಿಸುವುದಾದರೆ ಅಸಲು 2,500 ಸೇರಿ ಮೊದಲ ತಿಂಗಳು 3,000 ರೂಪಾಯಿ ಕಟ್ಟಬೇಕು. ಮಗಳು ದುಡಿಯಲು ಶುರುಮಾಡುವುದು ನಾಲ್ಕು ವರ್ಷದ ಮೇಲೆ. ಅಲ್ಲಿಯ ವರೆಗೆ ಪೂರ್ತಿ ಫೀಸಿನ ಭಾರವನ್ನು ಸಂಘದ ಸಾಲದಲ್ಲೇ ಎಳೆಯುತ್ತೇವೆ ಎಂದರೆ ಮನೆಯೂ ಸೋಲುತ್ತದೆ, ಸಂಘವೂ ಸೋಲುತ್ತದೆ.

ಬ್ಯಾಂಕಿನ ಶಿಕ್ಷಣ ಸಾಲ ಇದಕ್ಕಿಂತ ಬೇರೆ. ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಾಗಿಲ್ಲ. ಬ್ಯಾಂಕುಗಳ ಮಾದರಿ ಯೋಜನೆಯಂತೆ 7.5 ಲಕ್ಷದ ವರೆಗಿನ ಸಾಲಕ್ಕೆ ಜಾಗದ ಅಡಮಾನ ಬೇಡ. ತಂದೆ ಅಥವಾ ತಾಯಿ ಜೊತೆಯಲ್ಲಿ ಸಹಿ ಹಾಕಬೇಕು. ಆದರೆ ಓದುವ ವರ್ಷಗಳಲ್ಲೂ ಬಡ್ಡಿ ಬೆಳೆಯುತ್ತದೆ ಎಂಬುದು ಗೊತ್ತಿರಲಿ. ಆಗುವಷ್ಟು ಬಡ್ಡಿಯನ್ನು ಆಗಲೇ ಕಟ್ಟುತ್ತಾ ಬಂದರೆ ಮುಂದೆ ಹಗುರ. ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು. ಬಡ್ಡಿ ಸಹಾಯಧನ ಸಿಗುತ್ತದೋ ಎಂದು ಬ್ಯಾಂಕಿನಲ್ಲೇ ವಿಚಾರಿಸಿ.

ಆದ್ದರಿಂದ ಫೀಸಿಗೆ ಬ್ಯಾಂಕು, ಸಮವಸ್ತ್ರ, ಶೂ, ಪುಸ್ತಕ, ಪೆಟ್ಟಿಗೆ, ಮೊದಲ ತಿಂಗಳ ಖರ್ಚಿಗೆ ಸಂಘ: ಹೀಗೆ ಹಂಚಿಕೊಂಡರೆ ಒಳ್ಳೆಯದು. ವಿದ್ಯಾರ್ಥಿವೇತನದ ಅರ್ಜಿ ರಾಜ್ಯದ ಎಸ್.ಎಸ್.ಪಿ. ಪೋರ್ಟಲಿನಲ್ಲಿ ಹಾಕುವುದು. ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿ. ಮಗಳ ಹೆಸರಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಅಂಕಪಟ್ಟಿ, ಆಧಾರ್, ಬ್ಯಾಂಕ್ ಪುಸ್ತಕ ಮೂರರಲ್ಲೂ ಹೆಸರು ಒಂದೇ ರೀತಿ ಉಂಟೇ ನೋಡಿ. ನಮ್ಮಲ್ಲಿ ಮನೆ ಹೆಸರು, ಅಪ್ಪನ ಹೆಸರು ಒಂದೊಂದು ಕಡೆ ಒಂದೊಂದು ರೀತಿ ಬರೆದಿರುವುದರಿಂದ ತುಂಬಾ ಓಡಾಟ ಆಗ್ತದೆ.

ಪಾಠದ ತಯಾರಿ

ಬಿ.ಎಸ್ಸಿ. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್, ಅನಾಟಮಿ ಅಂದರೆ ಶರೀರದ ರಚನೆ, ಫಿಸಿಯಾಲಜಿ ಅಂದರೆ ಅಂಗಾಂಗಗಳು ಕೆಲಸ ಮಾಡುವ ರೀತಿ, ಸಮಾಜಶಾಸ್ತ್ರ, ಮನಃಶಾಸ್ತ್ರ ಮತ್ತು ನರ್ಸಿಂಗಿನ ಮೂಲಪಾಠ ಇರುತ್ತದೆ. ಎರಡನೇ ಸೆಮಿಸ್ಟರಿನಲ್ಲಿ ಜೀವರಸಾಯನಶಾಸ್ತ್ರ, ಪೌಷ್ಟಿಕ ಆಹಾರ, ಕಂಪ್ಯೂಟರ್ ಬರುತ್ತದೆ. ಪರೀಕ್ಷೆಗೆ ಕೂರಲು ಶೇಕಡಾ 80 ಹಾಜರಾತಿ ಬೇಕು. ಪ್ರಾಕ್ಟಿಕಲ್ ಗಂಟೆಗಳನ್ನು ಪದವಿ ಸಿಗುವ ಮೊದಲು ನೂರಕ್ಕೆ ನೂರು ಮುಗಿಸಬೇಕು. ಹಾಗಾಗಿ ಕೋಲ, ಜಾತ್ರೆ, ಮದುವೆ, ಚರ್ಚಿನ ಹಬ್ಬ ಎಂದು ಮಗಳನ್ನು ಪದೇ ಪದೇ ಊರಿಗೆ ಕರೆಸಬೇಡಿ.

ಕನ್ನಡ ಮಾಧ್ಯಮದ ಮಕ್ಕಳಿಗೆ ಹೆದರಿಕೆ ಇಂಗ್ಲಿಷಿನದ್ದು. ವೈದ್ಯಕೀಯ ಶಬ್ದಗಳು ಉದ್ದ ಇದ್ದರೂ ತುಂಡು ಮಾಡಿದರೆ ಸುಲಭ. 'ಐಟಿಸ್' ಎಂದು ಮುಗಿದರೆ ಉರಿಯೂತ. 'ಹೆಪಟ್' ಎಂದರೆ ಯಕೃತ್ತು, ಹಾಗಾಗಿ ಹೆಪಟೈಟಿಸ್ ಯಕೃತ್ತಿನ ಉರಿಯೂತ. 'ನೆಫ್ರ್' ಎಂದರೆ ಕಿಡ್ನಿ, ನೆಫ್ರೈಟಿಸ್ ಕಿಡ್ನಿಯ ಉರಿಯೂತ. 'ಹೈಪರ್' ಎಂದರೆ ಹೆಚ್ಚು, 'ಹೈಪೋ' ಎಂದರೆ ಕಡಿಮೆ. ಒಂದು ನೋಟ್ ಪುಸ್ತಕದಲ್ಲಿ ದಿನಕ್ಕೆ ಐದು ಶಬ್ದ ಬರೆದು ಕಲಿತರೆ ಎರಡು ತಿಂಗಳಲ್ಲಿ ಮುನ್ನೂರು ಶಬ್ದ ಆಗುತ್ತದೆ.

ಲೆಕ್ಕವೂ ಬೇಕು. 500 ಮಿಲಿ ಡ್ರಿಪ್ 5 ಗಂಟೆಯಲ್ಲಿ ಹೋಗಬೇಕಾದರೆ ಗಂಟೆಗೆ 100 ಮಿಲಿ. ಒಂದು ಮಿಲಿಗೆ 20 ಹನಿ ಬೀಳುವ ಸೆಟ್ ಆದರೆ ಗಂಟೆಗೆ 2,000 ಹನಿ, ನಿಮಿಷಕ್ಕೆ ಸುಮಾರು 33 ಹನಿ. ಸಂಘದ ಬಡ್ಡಿ ಲೆಕ್ಕ ಮಾಡುವ ತಾಯಿಗೆ ಇದು ಕಷ್ಟವಲ್ಲ, ಮಗಳಿಗೂ ಆಗಬಾರದು. ಇಂಥ ಲೆಕ್ಕ ತಪ್ಪಿದರೆ ರೋಗಿಯ ಜೀವಕ್ಕೆ ಅಪಾಯ, ಅದಕ್ಕಾಗಿ ಗುಣಾಕಾರ ಭಾಗಾಕಾರ ಈಗಲೇ ಗಟ್ಟಿ ಮಾಡಲಿ.

ಮನೆಯಲ್ಲಿ ಅಜ್ಜ-ಅಜ್ಜಿ ಇದ್ದರೆ ಅವರ ಕೈ ಹಿಡಿದು ನಾಡಿ ಎಣಿಸಲಿ. ದೊಡ್ಡವರಿಗೆ ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100, ಉಸಿರಾಟ 12ರಿಂದ 20 ಸಾಮಾನ್ಯ. ಅಜ್ಜಿಯ ಹಾಸಿಗೆ ಸರಿಮಾಡುವುದು, ಮೈ ಒರೆಸುವುದು, ಗಂಜಿ ಕುಡಿಸುವುದು, ಇವೆಲ್ಲ ನರ್ಸಿಂಗಿನ ಮೊದಲ ಪಾಠಗಳೇ. ಈ ಕೆಲಸದಲ್ಲಿ ಹೇಸಿಗೆ ಹೋದರೆ ಅರ್ಧ ಗೆದ್ದ ಹಾಗೆ. ತೀರಾ ಮನಸ್ಸಿಲ್ಲದ ಮಗಳನ್ನು "ವಿದೇಶಕ್ಕೆ ಹೋಗ್ಬಹುದು" ಎಂದು ಒತ್ತಾಯದಿಂದ ಸೇರಿಸುವುದು ಬೇಡ.

ಶರೀರದ ತಯಾರಿ

ವಾರ್ಡಿನಲ್ಲಿ ಗಂಟೆಗಟ್ಟಲೆ ನಿಂತೇ ಕೆಲಸ. ರಕ್ತ ಕಡಿಮೆ ಇರುವ ಹುಡುಗಿಯರಿಗೆ ತಲೆ ತಿರುಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರು ಹೇಳಿದಂತೆ ಕಬ್ಬಿಣಾಂಶದ ಮಾತ್ರೆ, ಜೊತೆಗೆ ಹರಿವೆ, ನುಗ್ಗೆ ಸೊಪ್ಪು, ಹೆಸರುಕಾಳು, ಮೀನು ಕೊಡಿ. ಬೆಳಗ್ಗೆ ತಿಂಡಿ ಬಿಡುವ ಅಭ್ಯಾಸ ಇದ್ದರೆ ಈಗಲೇ ತಪ್ಪಿಸಿ.

ಹೆಪಟೈಟಿಸ್ ಬಿ ಲಸಿಕೆಗೆ ಮೂರು ಚುಚ್ಚುಮದ್ದು: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ರೋಗಿಗಳ ರಕ್ತ ಮುಟ್ಟುವವರಿಗೆ ಇದು ಬೇಕೇ ಬೇಕು. ಸಣ್ಣದಿರುವಾಗಿನ ಲಸಿಕೆ ಕಾರ್ಡು ಹುಡುಕಿಡಿ. ಕಣ್ಣಿನ ಪರೀಕ್ಷೆಯೂ ಆಗಲಿ.

ಹಾಸ್ಟೆಲೋ, ಮನೆಯಿಂದಲೋ? ಬಿ.ಸಿ. ರೋಡಿನಿಂದ ಮಂಗಳೂರಿಗೆ ಸುಮಾರು 25 ಕಿಲೋಮೀಟರ್, ಮೂಡುಬಿದಿರೆಯಿಂದ ಸುಮಾರು 35, ಬೆಳ್ತಂಗಡಿಯಿಂದ ಸುಮಾರು 60. ಪ್ರಾಕ್ಟಿಕಲ್ ಇರುವ ದಿನ ಬೆಳಗ್ಗೆ ಬೇಗ ವಾರ್ಡಿನಲ್ಲಿ ಇರಬೇಕು. ನಾರಾವಿ, ಚಾರ್ಮಾಡಿ ಕಡೆಯಿಂದ ಮೊದಲ ಬಸ್ಸಿಗೆ ಹೊರಟರೂ ಕಷ್ಟವೇ. ದೂರದವರಿಗೆ ಹಾಸ್ಟೆಲೇ ಒಳ್ಳೆಯದು.

ಮನಸ್ಸಿನ ತಯಾರಿ

ಮೊದಲ ತಿಂಗಳು ಎಲ್ಲ ಮಕ್ಕಳೂ ಅಳುತ್ತಾರೆ. "ಅಮ್ಮ, ನನ್ನಿಂದ ಆಗುದಿಲ್ಲ, ಬಂದು ಕರ್ಕೊಂಡು ಹೋಗಿ" ಎಂದು ಫೋನು ಬರಬಹುದು. ಕೂಡಲೇ "ಬಾ" ಎನ್ನಬೇಡಿ, ಬೈಯಲೂ ಬೇಡಿ. ಪೂರ್ತಿ ಕೇಳಿ. ಪಾಠ ಅರ್ಥವಾಗದಿದ್ದರೆ ಕ್ಲಾಸ್ ಟೀಚರಿಗೆ ಹೇಳಲಿ. ರ‍್ಯಾಗಿಂಗ್ ಆದರೆ ಅದನ್ನು ಸಹಿಸಬೇಕಾಗಿಲ್ಲ: ಪ್ರಾಂಶುಪಾಲರಿಗೆ ತಿಳಿಸಿ, ಉಚಿತ ಸಹಾಯವಾಣಿ 1800-180-5522ಕ್ಕೂ ಕರೆ ಮಾಡಬಹುದು. ಊಟ, ನಿದ್ದೆ ಬಿಟ್ಟು ಮಂಕಾಗಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಉಂಟು. ವಾರ್ಡಿನಲ್ಲಿ ಮೊದಲ ಸಾವು ನೋಡಿದ ದಿನ ಮಗಳಿಗೆ ಮಾತಾಡಲು ತಾಯಿ ಬೇಕು. ಆ ದಿನ ಅಂಕಗಳ ವಿಷಯ ಕೇಳಬೇಡಿ.

ಮುಂದಿನ ದಾರಿ

ಮೊದಲ ವರ್ಷ ದಾಟಿದ ಮಗಳಿಗೆ ದಾರಿ ದೊಡ್ಡದುಂಟು. ಬಿ.ಎಸ್ಸಿ. ಮುಗಿಸಿ, ನೋಂದಣಿಯಾಗಿ, ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿದವರು ಎಂ.ಎಸ್ಸಿ. ಮಾಡಬಹುದು, ಅಥವಾ ತೀವ್ರ ನಿಗಾ ಘಟಕದ 'ನರ್ಸ್ ಪ್ರಾಕ್ಟಿಷನರ್' ಎಂಬ 2 ವರ್ಷದ ಸ್ನಾತಕೋತ್ತರ ಕೋರ್ಸಿಗೆ ಸೇರಬಹುದು. ಹೆರಿಗೆ ಸೇವೆಗಾಗಿ 2018ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿಯಂತೆ 18 ತಿಂಗಳ ಮಿಡ್‌ವೈಫರಿ ನರ್ಸ್ ಪ್ರಾಕ್ಟಿಷನರ್ ತರಬೇತಿಯೂ ಉಂಟು. ಈ ಎಲ್ಲ ಮೆಟ್ಟಿಲುಗಳಿಗೆ ಮೊದಲ ಮೆಟ್ಟಿಲು ಆ ಮೊದಲ ವರ್ಷವೇ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಈ ವರ್ಷ ಪಿಯುಸಿ ಓದುವ ಮಕ್ಕಳು ಎಷ್ಟು ಮಂದಿ? ಸಿಇಟಿ ಅರ್ಜಿ ಯಾರು ಹಾಕಿದ್ದಾರೆ?
2. ಯಾರ ಪ್ರಮಾಣಪತ್ರಗಳಲ್ಲಿ ಹೆಸರು ಬೇರೆ ಬೇರೆ ಇದೆ?
3. ಶಿಕ್ಷಣಕ್ಕೆ ಕೊಡುವ ಸಂಘದ ಸಾಲಕ್ಕೆ ಮಿತಿ ಮತ್ತು ಕಂತು ಹೇಗಿರಬೇಕು?
4. ನಮ್ಮ ಗ್ರಾಮದಲ್ಲಿ ನರ್ಸ್ ಆಗಿರುವ ಹೆಣ್ಣುಮಗಳನ್ನು ಒಂದು ಸಭೆಗೆ ಕರೆದು ಮಕ್ಕಳೊಂದಿಗೆ ಮಾತನಾಡಿಸಬಹುದೇ?

ಓದಲು ಬಾರದ ಸದಸ್ಯೆಯರಿಗೆ ಈ ಲೇಖನವನ್ನು ಯಾರಾದರೂ ಓದಿ ಹೇಳಿ.