ಅಣೆಕಟ್ಟಿನ ಕೆಳಗೆ ಟ್ರೌಟ್ ಮೀನು: ನಮ್ಮಲ್ಲಿ ಸಾಧ್ಯವೇ?

ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ವೈಟ್ ನದಿಗೆ ಟ್ರೌಟ್ ಮೂಲ ಮೀನಲ್ಲ. 1950ರ ದಶಕದ ಆರಂಭದಲ್ಲಿ ಬುಲ್ ಶೋಲ್ಸ್ ಅಣೆಕಟ್ಟು ಪೂರ್ಣಗೊಂಡ ಬಳಿಕ, ಜಲಾಶಯದ ತಳದಿಂದ ಹೊರಬರುವ ತಣ್ಣೀರು ಅಲ್ಲಿನ ಬೆಚ್ಚನೆಯ ನೀರಿನ ಮೀನುಗಳಿಗೆ ಒಗ್ಗಲಿಲ್ಲ. ಹೀಗಾಗಿ ಟ್ರೌಟ್ ಮರಿಗಳನ್ನು ಬಿಡಲಾಯಿತು. ಚಳಿಗಾಲದಲ್ಲಿ ತಂಪಾದ ನೀರು ಭಾರವಾಗಿ ತಳದಲ್ಲಿಯೇ ಉಳಿದು ಬೇಸಿಗೆಯಲ್ಲೂ ಬಿಸಿಯೇರುವುದಿಲ್ಲ. ಆದರೆ ಬೇಸಿಗೆ ಕಳೆಯುವ ಹೊತ್ತಿಗೆ ಆ ನೀರಿನಲ್ಲಿ ಆಮ್ಲಜನಕ ಕುಸಿಯುತ್ತದೆ.

ನಮ್ಮ ಬಯಲುಸೀಮೆಯ ಅಣೆಕಟ್ಟುಗಳ ಕೆಳಗೆ ಇದು ಸಾಧ್ಯವಿಲ್ಲವೆಂದೇ ಹೇಳಬೇಕು. ರೇನ್‌ಬೋ ಟ್ರೌಟ್‌ಗೆ 10ರಿಂದ 18 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತಕರ. 25 ಡಿಗ್ರಿಯ ಆಸುಪಾಸಿನಲ್ಲಿ ಬದುಕುವುದೇ ಕಷ್ಟ. ಅಷ್ಟು ತಂಪನ್ನು ಜಲಾಶಯದಲ್ಲಿ ಕೂಡಿಡುವಂತಹ ಚಳಿಗಾಲ ನಮಗಿಲ್ಲ. ದಕ್ಷಿಣದಲ್ಲಿ ಟ್ರೌಟ್ ನೆಲೆಯೂರಿರುವುದು ನೀಲಗಿರಿ, ಮುನ್ನಾರ್‌ಗಳಂತಹ ಎತ್ತರದ ತಾಣಗಳಲ್ಲಿ. ಮರಿಗಳಿಗೆ ಹಣ ಹೂಡುವ ಮುನ್ನ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ನೀರಿನ ಉಷ್ಣತೆಯನ್ನು ಅಳೆಯಿರಿ. 22 ಡಿಗ್ರಿ ದಾಟಿದಲ್ಲಿ ಕಾಟ್ಲ, ರೋಹು, ಸಾಮಾನ್ಯ ಗೆಂಡೆಗಳನ್ನೇ ಹೊಂಡದಲ್ಲಿ ಸಾಕುವುದು ಸೂಕ್ತ.